ಅಜ್ಜಿಯ ಟ್ರಂಕಿನ ಫೋಟೋ ಆನ್‌ಲೈನ್ ಮ್ಯೂಸಿಯಂ ಸೇರುವುದು ಹೇಗೆ?

“ಅಜ್ಜೀ, ಟ್ರಂಕಲ್ಲಿರೋ ಹಳೇ ಫೋಟೋ ಕೊಡಜ್ಜಿ. ಊರಿನ ಮ್ಯೂಸಿಯಂಗೆ ನಮ್ಮ ಕ್ಲಾಸಿನವರು ಆನ್‌ಲೈನಲ್ಲಿ ಪ್ರದರ್ಶನ ಮಾಡ್ತಿದೀವಿ.”

ಮೊಮ್ಮಗಳು ಹೀಗೆ ಬಂದು ನಿಂತರೆ ಅಜ್ಜಿಗೆ ಹತ್ತು ಪ್ರಶ್ನೆ ಏಳುತ್ತವೆ. ಫೋಟೋ ವಾಪಸ್ ಬರುತ್ತಾ? ಅದನ್ನು ಯಾರ್ಯಾರು ನೋಡ್ತಾರೆ? ಕೆರೆ ಏರಿ ಮೇಲೆ ನಿಂತ ಎಂಟು ಜನರ ಫೋಟೋದಲ್ಲಿ ಮ್ಯೂಸಿಯಂಗೆ ಇಡುವಂಥದ್ದು ಏನಿದೆ? ಅಪ್ಪ ಅಮ್ಮನಿಗೂ ಉತ್ತರ ಗೊತ್ತಿರುವುದಿಲ್ಲ. ತಮ್ಮ ಕಾಲದ ಶಾಲೆಯಲ್ಲಿ ಇತಿಹಾಸ ಅಂದರೆ ರಾಜರ ಹೆಸರು, ಯುದ್ಧದ ಇಸವಿ. ಮನೆಯ ಫೋಟೋ ಅದರೊಳಗೆ ಬಂದದ್ದೇ ಇಲ್ಲ.

ಇಂಥ ಕೆಲಸ ಶುರುವಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಉದಾಹರಣೆಗೆ ಒಂದೇ ಒಂದು ಫೋಟೋ ಇಟ್ಟುಕೊಳ್ಳೋಣ. ಕೆರೆ ಕೋಡಿ ಬಿದ್ದ ದಿನ, ಬಾಗಿನ ಬಿಟ್ಟ ಮೇಲೆ, ಪೇಟೆಯ ಸ್ಟುಡಿಯೋದವರನ್ನು ಕರೆಸಿ ತೆಗೆಸಿದ ಕಪ್ಪು ಬಿಳುಪು ಚಿತ್ರ ಅಂದುಕೊಳ್ಳಿ.

ಸಮುದಾಯ ಮ್ಯೂಸಿಯಂ ಅಂದರೇನು?

ದೊಡ್ಡ ಮ್ಯೂಸಿಯಂಗಳಲ್ಲಿ ಏನಿಡಬೇಕು ಅಂತ ತಜ್ಞರು ತೀರ್ಮಾನಿಸುತ್ತಾರೆ. ಸಮುದಾಯ ಮ್ಯೂಸಿಯಂನಲ್ಲಿ ಆ ತೀರ್ಮಾನ ಅಲ್ಲಿನ ಜನರದ್ದು. ವ್ಯತ್ಯಾಸ ಇಷ್ಟೇ. ಆದರೆ ಇದರಿಂದ ಇಡುವ ವಸ್ತುಗಳೇ ಬದಲಾಗಿಬಿಡುತ್ತವೆ.

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಅನಾಕೋಸ್ಟಿಯಾ ಅಂತ ಒಂದು ಬಡಾವಣೆ ಇದೆ. ಹೆಚ್ಚಾಗಿ ಕಪ್ಪು ಜನರಿದ್ದ ಜಾಗ. ಆ ದೇಶದ ದೊಡ್ಡ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆ 1967ರಲ್ಲಿ ಅಲ್ಲಿನ ಹಳೆಯ ಸಿನಿಮಾ ಟಾಕೀಸಿನಲ್ಲಿ ಬಡಾವಣೆಯವರಿಗಾಗಿಯೇ ಒಂದು ಮ್ಯೂಸಿಯಂ ತೆರೆಯಿತು. 1969ರಲ್ಲಿ ಅಲ್ಲಿ ನಡೆದ ಒಂದು ಪ್ರದರ್ಶನದ ವಿಷಯ ಇಲಿ. ಆ ಬೀದಿಗಳ ಮನೆಗಳಲ್ಲಿ ಇಲಿ ಕಾಟ ದಿನನಿತ್ಯದ ಸಂಕಟವಾಗಿತ್ತು. ಜನರಿಗೆ ಯಾವುದು ಮುಖ್ಯವೋ ಅದೇ ಮ್ಯೂಸಿಯಂ ಒಳಗೆ ಬಂತು.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನದು ಮನಸ್ಸು ಕಲಕುವ ಕಥೆ. ಅಲ್ಲಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಎಂಬ ಪ್ರದೇಶವನ್ನು 1966ರಲ್ಲಿ ಸರ್ಕಾರ ಬಿಳಿಯರಿಗೆ ಮಾತ್ರ ಅಂತ ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು. ವರ್ಣಭೇದ ಆಡಳಿತ ಕೊನೆಯಾದ ವರ್ಷ, 1994ರಲ್ಲಿ, ಅಲ್ಲಿನ ಹಳೆಯ ಚರ್ಚ್ ಕಟ್ಟಡದಲ್ಲಿ ಒಂದು ಮ್ಯೂಸಿಯಂ ಶುರುವಾಯಿತು. ನೆಲದ ಮೇಲೆ ಬೀದಿಗಳ ದೊಡ್ಡ ನಕ್ಷೆ ಹಾಸಿದ್ದಾರೆ. ಮನೆ ಕಳೆದುಕೊಂಡವರು ಬಂದು, ತಮ್ಮ ಮನೆ ಇದ್ದ ಜಾಗ ಹುಡುಕಿ, ಅಲ್ಲಿ ಹೆಸರು ಬರೆದರು.

ನಮ್ಮಲ್ಲೂ ಜನರ ಬದುಕನ್ನೇ ಇತಿಹಾಸ ಅಂತ ನೋಡುವ ಜಾಗಗಳಿವೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಎಲ್ಲರಿಗೂ ಗೊತ್ತು. ಬಂಟ್ವಾಳದಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ತುಳುನಾಡಿನ ಮನೆಗಳ ಪಾತ್ರೆ, ಪರಿಕರಗಳನ್ನು ಒಂದೊಂದಾಗಿ ಕೂಡಿಸಿ ಮ್ಯೂಸಿಯಂ ಮಾಡಿದ್ದಾರೆ.

ಕಣಜ ಬೇರೆ, ಬಾಳೆ ಎಲೆ ಬೇರೆ

ಮಕ್ಕಳು ಊರೆಲ್ಲ ಸುತ್ತಿ 200 ಫೋಟೋ ತಂದು ಇಂಟರ್‌ನೆಟ್‌ಗೆ ಏರಿಸಿದರೆ ಅದು ಪ್ರದರ್ಶನ ಆಯ್ತಾ? ಇಲ್ಲ. ಅದು ಸಂಗ್ರಹ.

ಸಂಗ್ರಹ ಅಂದರೆ ಕಣಜ ಇದ್ದ ಹಾಗೆ. ಬೆಳೆದದ್ದೆಲ್ಲ ಅಲ್ಲಿರಬೇಕು, ಹಾಳಾಗದಂತೆ ಇರಬೇಕು. ಪ್ರದರ್ಶನ ಅಂದರೆ ಬಾಳೆ ಎಲೆ ಮೇಲೆ ಬಡಿಸಿದ ಊಟ. ಕಣಜದಲ್ಲಿರುವುದನ್ನೆಲ್ಲ ಎಲೆಗೆ ಸುರಿಯುವುದಿಲ್ಲ. ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಲ್ಯ ಎಲ್ಲಿ ಅಂತ ಒಂದು ಕ್ರಮ ಇರುತ್ತದೆ. ತಿನ್ನುವವರಿಗೆ ಮುಂದೇನು ಬರುತ್ತದೆ ಅಂತ ಗೊತ್ತಿರುತ್ತದೆ.

ಹಾಗೆಯೇ ಪ್ರದರ್ಶನಕ್ಕೆ ಒಂದು ಪ್ರಶ್ನೆ ಬೇಕು. ‘ನಮ್ಮೂರಿನ ಇತಿಹಾಸ’ ಅನ್ನುವುದು ಪ್ರಶ್ನೆ ಅಲ್ಲ, ಅದು ಸಮುದ್ರ. ‘ನಮ್ಮ ಕೆರೆ ಕೊನೆಯ ಸಲ ಯಾವಾಗ ಕೋಡಿ ಬಿತ್ತು, ಆಮೇಲೆ ಯಾಕೆ ಬೀಳಲಿಲ್ಲ?’ ಅನ್ನುವುದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಹದಿನೈದೋ ಇಪ್ಪತ್ತೋ ವಸ್ತುಗಳು ಸಾಕು. ಕೆರೆಯ ಫೋಟೋ, ಗ್ರಾಮದ ನಕಾಶೆ, ಹಳೆಯ ಪಹಣಿ, ಪಂಚಾಯ್ತಿಯ ನಡಾವಳಿ ಪುಸ್ತಕದ ಒಂದು ಪುಟ, ತೂಬಿನ ಹತ್ತಿರ ಇರುವ ಕಲ್ಲು, ಇಬ್ಬರು ಮೂವರು ಹಿರಿಯರ ಮಾತು.

ಸ್ಟೀಲ್ ಪಾತ್ರೆ ಮೇಲಿನ ಹೆಸರು

ಈ ಕೆಲಸದಲ್ಲಿ ಪದೇ ಪದೇ ಕೇಳುವ ಪದ ‘ಮೆಟಾಡೇಟಾ’. ಕೇಳಲು ಕಷ್ಟ, ಆದರೆ ನಮಗೆ ಹಳೆಯ ಪರಿಚಯದ ವಿಷಯ. ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆ ಮೇಲೆ ಕೊಟ್ಟವರ ಹೆಸರು, ತಾರೀಕು ಕೆತ್ತಿಸಿರುತ್ತಾರೆ ಅಲ್ವಾ? ಆ ಎರಡು ಸಾಲು ಇಲ್ಲದಿದ್ದರೂ ಅದು ಪಾತ್ರೆಯೇ. ಇದ್ದರೆ ಮಾತ್ರ 40 ವರ್ಷದ ಮೇಲೆ ಕೈಗೆತ್ತಿಕೊಂಡಾಗ ‘ಇದು ಸೋದರಮಾವ ಕೊಟ್ಟಿದ್ದು’ ಅಂತ ಹೇಳಬಹುದು. ವಸ್ತುವಿನ ಬಗ್ಗೆ ವಸ್ತುವಿನ ಜೊತೆಗೇ ಇರುವ ಈ ಮಾಹಿತಿಯೇ ಮೆಟಾಡೇಟಾ.

ಮ್ಯೂಸಿಯಂ, ಗ್ರಂಥಾಲಯಗಳು ಇದನ್ನು ಒಂದೇ ರೀತಿ ಬರೆಯಲಿ ಅಂತ ‘ಡಬ್ಲಿನ್ ಕೋರ್’ ಎಂಬ ಪಟ್ಟಿ ಇದೆ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಊರಿನಲ್ಲಿ ನಡೆದ ಸಭೆಯಿಂದ ಈ ಹೆಸರು ಬಂತು. ಅದರಲ್ಲಿ 15 ಅಂಶಗಳಿವೆ. ವಸ್ತುವಿನ ಹೆಸರು, ಮಾಡಿದವರು, ತಾರೀಕು, ವಿಷಯ, ವಿವರಣೆ, ಭಾಷೆ, ಮೂಲ, ಹಕ್ಕು ಇವೆಲ್ಲ ಅದರಲ್ಲಿ ಬರುತ್ತವೆ. ಎಲ್ಲವನ್ನೂ ತುಂಬಲೇಬೇಕು ಅಂತಿಲ್ಲ.

ಶಾಲಾ ಮಕ್ಕಳು ಅಜ್ಜಿಯ ಮುಂದೆ ಕೂತು ಬರೆದುಕೊಳ್ಳಬೇಕಾದ್ದು ಮೊದಲಿಗೆ ಐದು. ಫೋಟೋದಲ್ಲಿ ಯಾರ್ಯಾರಿದ್ದಾರೆ, ಎಡದಿಂದ ಬಲಕ್ಕೆ. ಎಲ್ಲಿ ತೆಗೆದದ್ದು. ಯಾವಾಗ. ತೆಗೆದವರು ಯಾರು. ಇದೆಲ್ಲ ಹೇಳಿದವರು ಯಾರು. ಕೊನೆಯದನ್ನು ಮಕ್ಕಳು ಬಿಟ್ಟುಬಿಡುತ್ತಾರೆ. ಆದರೆ ಮುಂದೆ ಯಾರಾದರೂ ‘ಇದು ತಪ್ಪು’ ಅಂದಾಗ ವಿಚಾರಿಸಲು ಅದೊಂದೇ ದಾರಿ. ಸ್ಕ್ಯಾನ್ ನಾಳೆ ಮಾಡಿದರೂ ನಡೆಯುತ್ತದೆ. ಈ ಐದು ವಿಷಯ ಇವತ್ತೇ ಕೇಳಬೇಕು. ಫೋಟೋ ಟ್ರಂಕಿನಲ್ಲಿ ಇನ್ನೂ 50 ವರ್ಷ ಇರಬಹುದು, ಅದರಲ್ಲಿರುವವರನ್ನು ಗುರುತಿಸುವವರು ಇರುವುದಿಲ್ಲ.

ಸ್ಕ್ಯಾನ್: ರಂಗೋಲಿ ಚುಕ್ಕಿಯ ಲೆಕ್ಕ

ಕಂಪ್ಯೂಟರ್ ಚಿತ್ರವನ್ನು ಚುಕ್ಕಿಗಳಾಗಿ ನೋಡುತ್ತದೆ. ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿ ಅನ್ನುವುದೇ ಡಿಪಿಐ. ಕಡಿಮೆ ಚುಕ್ಕಿ ಇಟ್ಟರೆ ಸಣ್ಣ ಎಳೆ ಕಾಣುವುದಿಲ್ಲ. ಹಳೆಯ ಚಿಕ್ಕ ಫೋಟೋಗಳಿಗೆ 600 ಡಿಪಿಐ ಒಳ್ಳೆಯ ಅಳತೆ. 4 ಅಂಗುಲಕ್ಕೆ 6 ಅಂಗುಲದ ಫೋಟೋ ಆದರೆ 2,400 ಗುಣಿಸು 3,600, ಅಂದರೆ 86 ಲಕ್ಷ 40 ಸಾವಿರ ಚುಕ್ಕಿ. ಬಣ್ಣದಲ್ಲಿ, ಕುಗ್ಗಿಸದೆ ಉಳಿಸಿದರೆ ಸುಮಾರು 26 ಎಂಬಿ. ಈ ದೊಡ್ಡ ಫೈಲನ್ನು ಟಿಫ್ ರೂಪದಲ್ಲಿ ಜೋಪಾನ ಮಾಡಿ, ಆನ್‌ಲೈನಿಗೆ ಚಿಕ್ಕ ಜೆಪೆಗ್ ಪ್ರತಿ ಹಾಕುತ್ತಾರೆ. ಬಿತ್ತನೆ ಬೀಜವನ್ನು ಬೇರೆ ತೆಗೆದಿಡುವ ಹಾಗೆ.

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಸಾಕು. ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಫೋಟೋ ಇಟ್ಟು, ಫ್ಲ್ಯಾಶ್ ಹಾಕದೆ, ನೇರ ಮೇಲಿನಿಂದ ತೆಗೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಚುಕ್ಕಿಗಳು ಕಡಿಮೆಯಾಗುತ್ತವೆ, ಡಾಕ್ಯುಮೆಂಟ್ ಅಂತ ಕಳಿಸಿ. ಆಲ್ಬಮ್ಮಿಗೆ ಅಂಟಿದ ಫೋಟೋ, ಗಾಜಿಗೆ ಹತ್ತಿಕೊಂಡ ಫೋಟೋ ಕೀಳಬಾರದು. ಹಾಗೇ ಇಟ್ಟು ತೆಗೆಯಿರಿ. ಹಿಂಬದಿಯನ್ನೂ ತಪ್ಪದೆ ತೆಗೆಯಿರಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನ ಬರಹ ಅಲ್ಲೇ ಇರುವುದು.

ಕಲ್ಲಿನ ವಿಷಯದಲ್ಲಿ ಡಿಜಿಟಲ್ ಪ್ರತಿ ಇನ್ನೂ ಹೆಚ್ಚಿನ ಕೆಲಸ ಮಾಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬ ವೀರನದ್ದು. ಇತಿಹಾಸದ ಅಧ್ಯಯನ ಮಾಡುವ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಬೆಂಗಳೂರು ಸುತ್ತಲಿನ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಿದಾಗ, ಸವೆದು ಕಣ್ಣಿಗೆ ಕಾಣದ ಅಕ್ಷರ ಎದ್ದು ಬರುತ್ತದೆ. ಈ ನಾಡಿನ ಶಾಸನಗಳನ್ನು ಊರೂರಿನಿಂದ ಕೂಡಿಸಿ ಅಚ್ಚು ಮಾಡಿದ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು 1886ರಿಂದ ಬರತೊಡಗಿದವು. ಅವುಗಳಲ್ಲಿ ನಿಮ್ಮ ಊರಿನ ಹೆಸರು ಹುಡುಕಿ ನೋಡಿ. ಅಲ್ಲಿ ದಾಖಲಾದ ಕಲ್ಲು ಈಗ ಎಲ್ಲಿದೆ ಅಂತ ಪತ್ತೆ ಮಾಡುವುದೇ ಮಕ್ಕಳಿಗೆ ಒಂದು ಪೂರ್ತಿ ಪ್ರದರ್ಶನ ಆಗಬಹುದು.

ಪಿಂಗಳ ಸಂವತ್ಸರ ಅಂದರೆ ಯಾವ ಇಸವಿ?

ಈಗ ಅಜ್ಜಿಯ ಮಾತಿಗೆ ಬರೋಣ. ಜನರ ನೆನಪನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಇಡುವುದಕ್ಕೆ ಮೌಖಿಕ ಇತಿಹಾಸ ಅನ್ನುತ್ತಾರೆ. ‘ಆ ಕಾಲ ಚೆನ್ನಾಗಿತ್ತಾ ಅಜ್ಜಿ?’ ಅಂತ ಕೇಳಿದರೆ ‘ಹೂಂ ಕಣೇ’ ಅಂತ ಮುಗಿಯುತ್ತದೆ. ‘ಕೋಡಿ ಬಿದ್ದ ದಿನ ಬೆಳಿಗ್ಗೆ ಎದ್ದು ಏನು ಮಾಡಿದೆ?’ ಅಂತ ಕೇಳಿದರೆ ಒಂದು ಗಂಟೆ ಮಾತು ಸಿಗುತ್ತದೆ. ಮಧ್ಯೆ ಸುಮ್ಮನಾದರೆ ಕಾಯಬೇಕು. ಗಡಿಬಿಡಿಯಲ್ಲಿ ಮುಂದಿನ ಪ್ರಶ್ನೆ ಎಸೆಯಬಾರದು.

ಇಸವಿ ಕೇಳಿದರೆ ಎಷ್ಟೋ ಹಿರಿಯರಿಗೆ ನೆನಪಿರುವುದಿಲ್ಲ. ಆದರೆ ‘ಪಿಂಗಳ ಸಂವತ್ಸರ’ ಅನ್ನಬಹುದು, ‘ದೊಡ್ಡ ಮಗ ಹುಟ್ಟಿದ ಮಾರನೇ ವರ್ಷ’ ಅನ್ನಬಹುದು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪಿಂಗಳ ಅಂದರೆ 1917ರ ಯುಗಾದಿಯಿಂದ 1918ರ ಯುಗಾದಿವರೆಗೆ, ಇಲ್ಲವೇ 1977ರಿಂದ 1978ರವರೆಗೆ. ಅಜ್ಜಿ ತಾನೇ ಫೋಟೋದಲ್ಲಿ ಮಗು ಎತ್ತಿಕೊಂಡು ನಿಂತಿದ್ದರೆ ಮೊದಲನೆಯದು ಬಿಟ್ಟುಹೋಯಿತು. ಕೆರೆ ತುಂಬುವುದು ಮಳೆಯಲ್ಲಿ. ಹಾಗಾಗಿ 1977ರ ಮಳೆಗಾಲ. ಆಮೇಲೆ ದೊಡ್ಡ ಮಗನ ಶಾಲಾ ದಾಖಲೆಯ ಹುಟ್ಟಿದ ದಿನಾಂಕಕ್ಕೆ ಇದು ಹೊಂದುತ್ತದೆಯೇ ಅಂತ ನೋಡಬೇಕು. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸನ್ನು ಅಂದಾಜಿನಲ್ಲಿ ಬರೆಸುತ್ತಿದ್ದದ್ದೂ ಉಂಟು. ಆದ್ದರಿಂದ ಒಂದೇ ಸಾಕ್ಷಿ ನಂಬದೆ ಎರಡು ಮೂರನ್ನು ತಾಳೆ ಹಾಕುತ್ತಾರೆ. ಇತಿಹಾಸಕಾರರು ಮಾಡುವುದೂ ಇದನ್ನೇ. ಹದಿಮೂರು ವರ್ಷದ ಹುಡುಗಿ ಇಲ್ಲಿ ಅದೇ ಕೆಲಸ ಮಾಡುತ್ತಿದ್ದಾಳೆ.

ರೆಕಾರ್ಡಿಂಗ್ ಉದ್ದ ಇದ್ದರೆ ಇನ್ನೊಂದು ತೊಂದರೆ. ಒಂದು ಗಂಟೆಯ ಧ್ವನಿಯನ್ನು ಪೂರ್ತಿ ಕೇಳುವ ತಾಳ್ಮೆ ಯಾರಿಗಿದೆ? ಅಮೆರಿಕದ ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದಕ್ಕೆ ಚಂದದ ಉತ್ತರ ಕೊಟ್ಟರು. 20ನೇ ಶತಮಾನದ ಆರಂಭದಲ್ಲಿ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಫಿಲಡೆಲ್ಫಿಯಾಕ್ಕೆ ಬಂದ ಕಪ್ಪು ಜನರ ಸಂದರ್ಶನಗಳನ್ನು 1980ರ ದಶಕದಲ್ಲಿ ರೆಕಾರ್ಡ್ ಮಾಡಿದ್ದರು. ವಿದ್ಯಾರ್ಥಿಗಳು ಅವನ್ನು ಕೇಳುತ್ತಾ, ಎಷ್ಟನೇ ನಿಮಿಷದಲ್ಲಿ ಯಾವ ವಿಷಯ ಬರುತ್ತದೆ ಅಂತ ಗುರುತು ಹಾಕಿದರು. ಈಗ ‘ಕೆಲಸ’ ಅಂತ ಒತ್ತಿದರೆ ಕೆಲಸದ ಬಗ್ಗೆ ಹೇಳಿದ ಜಾಗಕ್ಕೇ ಹೋಗಬಹುದು. ಮಾತಾಡಿದವರು ಈಗ ಇಲ್ಲ, ಅವರ ದನಿ ಸಿಗುತ್ತದೆ. ಈ ಕೆಲಸವನ್ನು ನಮ್ಮ ಮಕ್ಕಳು ಒಂದು ನೋಟ್‌ಬುಕ್ಕಿನಲ್ಲೇ ಮಾಡಬಹುದು: ‘12ನೇ ನಿಮಿಷ, ಬಾಗಿನ ಬಿಟ್ಟದ್ದು. 19ನೇ ನಿಮಿಷ, ಕೆರೆ ಹೂಳೆತ್ತಿದ್ದು.’

ಫೋಟೋದಲ್ಲಿ ಯಾರಿಲ್ಲ?

ಎಂಟು ಜನ ನಿಂತಿದ್ದಾರೆ. ನಡುವೆ ಪಟೇಲರು, ಪಕ್ಕದಲ್ಲಿ ಶಾನುಭೋಗರ ಮನೆಯವರು, ಬಾಗಿನ ಹಿಡಿದ ಹೆಂಗಸರು. ಆದರೆ ದಿನಾ ತೂಬು ಎತ್ತಿ, ಅಚ್ಚುಕಟ್ಟಿನ ಪ್ರತಿ ಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿ ಎಲ್ಲಿ? ಏರಿಗೆ ಮಣ್ಣು ಹೊತ್ತವರು ಎಲ್ಲಿ?

ಸ್ಟುಡಿಯೋದವರನ್ನು ಕರೆಸಲು ದುಡ್ಡು ಬೇಕಿತ್ತು. ದುಡ್ಡಿದ್ದವರ ಮನೆಯಲ್ಲಿ ಫೋಟೋ ಜಾಸ್ತಿ. ಇದ್ದ ಫೋಟೋಗಳನ್ನಷ್ಟೇ ಜೋಡಿಸಿದರೆ ಊರಿನ ಇತಿಹಾಸ ನಾಲ್ಕು ಮನೆಗಳ ಇತಿಹಾಸ ಆಗುತ್ತದೆ. ನೀರುಗಂಟಿಯ ಮನೆಯಲ್ಲಿ ಫೋಟೋ ಇಲ್ಲದಿರಬಹುದು, ನೆನಪು ಇರುತ್ತದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವ ಲೆಕ್ಕ ಇರುತ್ತದೆ. ಮಕ್ಕಳು ಎಲ್ಲ ಕೇರಿಗಳಿಗೂ ಹೋಗಬೇಕು. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಸಮುದಾಯ ಮ್ಯೂಸಿಯಂ ಅನ್ನುವ ಹೆಸರು ಸಾರ್ಥಕ ಆಗುವುದು ಇಲ್ಲಿ.

ಲೇಬಲ್ ಬರೆಯುವುದು

ಪ್ರತಿ ವಸ್ತುವಿನ ಕೆಳಗೆ ನಾಲ್ಕೈದು ಸಾಲು ಇರುತ್ತದಲ್ಲ, ಅದು ಲೇಬಲ್. ಮಕ್ಕಳ ಮೊದಲ ಪ್ರಯತ್ನ ಹೀಗಿರುತ್ತದೆ: ‘ಇದು ನಮ್ಮ ಊರಿನ ಭವ್ಯ ಪರಂಪರೆಯನ್ನು ಸಾರುವ ಅಪರೂಪದ ಚಿತ್ರ.’ ಇದನ್ನು ಯಾವ ಊರಿನ ಯಾವ ಫೋಟೋದ ಕೆಳಗೂ ಬರೆಯಬಹುದು.

ಎರಡನೇ ಸಲ ಹೀಗೆ ಬರೆಯಬಹುದು: ‘ಕೆರೆ ಕೋಡಿ ಬಿದ್ದ ದಿನ, 1977ರ ಮಳೆಗಾಲ. ಹಿಂದೆ ಕಾಣುವ ಕಲ್ಲಿನ ಕಂಬಗಳು ತೂಬಿನದ್ದು. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರ ಗುರುತು ಸಿಕ್ಕಿಲ್ಲ. ಅಂದು ತೂಬು ಎತ್ತಿದ ನೀರುಗಂಟಿ ಈ ಚಿತ್ರದಲ್ಲಿಲ್ಲ. ಅವರ ಮಗಳ ಮಾತನ್ನು ಕೆಳಗೆ ಕೇಳಿ.’

ಇಲ್ಲಿ ಓದುವವರ ಕಣ್ಣು ಮತ್ತೆ ಫೋಟೋಗೆ ಹೋಗುತ್ತದೆ. ಕಂಬ ಹುಡುಕುತ್ತದೆ, ಮೂರನೆಯವರನ್ನು ಹುಡುಕುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬರೆಯುವುದು ಸರಿಯಾದ ಪದ್ಧತಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳಲೆಂದು, ಚಿತ್ರದಲ್ಲಿ ಏನಿದೆ ಅನ್ನುವ ಒಂದು ಸಾಲನ್ನೂ ಜೊತೆಗೆ ಸೇರಿಸಬೇಕು.

ಫೋಟೋ ಯಾರದ್ದು, ಒಪ್ಪಿಗೆ ಯಾರದ್ದು?

ಆನ್‌ಲೈನ್ ಪ್ರದರ್ಶನಕ್ಕೆ ಮೂಲ ಫೋಟೋ ಬೇಕಾಗಿಲ್ಲ. ಮನೆಯಲ್ಲೇ ಪ್ರತಿ ತೆಗೆದು ಅಲ್ಲೇ ಬಿಟ್ಟುಬರಬಹುದು. ಅಜ್ಜಿಯ ಮೊದಲ ಪ್ರಶ್ನೆಗೆ ಉತ್ತರ ಇದು. ತೆಗೆದುಕೊಂಡು ಹೋಗಲೇಬೇಕಾದರೆ ರಸೀದಿ ಕೊಡಬೇಕು.

ಕಾನೂನಿನ ವಿಷಯ ಸ್ವಲ್ಪ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಪತ್ರಿಕೆಯಲ್ಲಿ ಬಂದ ಚಿತ್ರ, ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಚಿತ್ರ ಹಾಗಲ್ಲ, ಅವುಗಳಿಗೆ ಅನುಮತಿ ಬೇಕು.

ಒಪ್ಪಿಗೆಯನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ ಬರೆದು ಓದಿ ಹೇಳಬೇಕು. ಎಲ್ಲರೂ ನೋಡಬಹುದಾ, ಊರಿನ ಮ್ಯೂಸಿಯಂನಲ್ಲಿ ಮಾತ್ರವಾ, ಹೆಸರು ಹಾಕಬಹುದಾ, ಆಮೇಲೆ ಬೇಡ ಅಂದರೆ ತೆಗೆಯುತ್ತಾರಾ ಎಲ್ಲವೂ ಅದರಲ್ಲಿರಬೇಕು. ಒಂದು ಮಾತನ್ನು ಮುಚ್ಚಿಡಬಾರದು: ಒಮ್ಮೆ ಇಂಟರ್‌ನೆಟ್‌ಗೆ ಹೋದದ್ದನ್ನು ಯಾರಾದರೂ ಇಳಿಸಿಕೊಂಡರೆ ಅದನ್ನು ವಾಪಸ್ ತರಲು ಆಗುವುದಿಲ್ಲ. ಇಷ್ಟು ತಿಳಿದ ಮೇಲೆ ಅಜ್ಜಿ ಬೇಡ ಅಂದರೆ ಬೇಡ.

ಹಳೆಯ ಶಾಲಾ ದಾಖಲಾತಿ ಪುಸ್ತಕಗಳನ್ನು ಹಾಗೇ ಏರಿಸಬಾರದು. ಅದರಲ್ಲಿ ಜಾತಿ, ತಂದೆಯ ಹೆಸರು, ಹುಟ್ಟಿದ ದಿನ ಇರುತ್ತವೆ. ಆ ಜನ, ಅವರ ಮಕ್ಕಳು ಅದೇ ಊರಿನಲ್ಲಿದ್ದಾರೆ.

ಎಲ್ಲಿ ಇಡುವುದು, ಎಷ್ಟು ದಿನ ಉಳಿಯುತ್ತದೆ?

ಇದಕ್ಕೆಂದೇ ‘ಒಮೆಕಾ’ ಎಂಬ ಉಚಿತ ತಂತ್ರಾಂಶ ಇದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದವರು 2008ರಲ್ಲಿ ಹೊರತಂದದ್ದು. ಅದರಲ್ಲಿ ಕಣಜ ಒಂದು ಭಾಗ, ಎಲೆ ಇನ್ನೊಂದು ಭಾಗ. ವಸ್ತುಗಳನ್ನು ಡಬ್ಲಿನ್ ಕೋರ್ ಪ್ರಕಾರ ಒಮ್ಮೆ ಸೇರಿಸಿದರೆ, ಅವನ್ನೇ ಆಯ್ದು ಬೇರೆ ಬೇರೆ ಪ್ರದರ್ಶನ ಮಾಡಬಹುದು. ತಂತ್ರಾಂಶ ಉಚಿತ ಆದರೂ ಅದನ್ನು ಇಡುವ ಜಾಗಕ್ಕೆ, ವಿಳಾಸಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಹಕ್ಕಿನ ತೊಡಕಿಲ್ಲದ ಚಿತ್ರಗಳನ್ನು ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಉಚಿತವಾಗಿ ಇಡಬಹುದು. ಆದರೆ ಅಲ್ಲಿಟ್ಟ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಅದನ್ನು ಮನೆಯವರಿಗೆ ಮೊದಲೇ ಹೇಳಬೇಕು.

ಕನ್ನಡವನ್ನು ಯುನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಪದ್ಧತಿಯಲ್ಲೇ, ಟೈಪ್ ಮಾಡಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಗೋಜಲಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಲೇಬಲನ್ನು ಚಿತ್ರದೊಳಗೆ ಅಕ್ಷರವಾಗಿ ಬರೆದರೂ ಬಹಳ ಸಲ ಹುಡುಕಿದರೆ ಸಿಗುವುದಿಲ್ಲ.

1990ರ ದಶಕದಲ್ಲಿ ಜಿಯೋಸಿಟೀಸ್ ಅಂತ ಒಂದು ತಾಣದಲ್ಲಿ ಲಕ್ಷಾಂತರ ಜನ ತಮ್ಮ ಪುಟ ಮಾಡಿಕೊಂಡಿದ್ದರು. ಯಾಹೂ ಕಂಪನಿ 2009ರಲ್ಲಿ ಅದನ್ನು ಮುಚ್ಚಿತು. ಕೆಲವು ಸ್ವಯಂಸೇವಕರು ಆದಷ್ಟನ್ನು ನಕಲು ಮಾಡಿ ಉಳಿಸಿದರು, ಉಳಿದದ್ದು ಹೋಯಿತು. ಶಾಲೆಯ ಕೆಲಸಕ್ಕೂ ಈ ಅಪಾಯ ಇದೆ. ಮಾಡಿದ ಮಕ್ಕಳು ಪಾಸಾಗಿ ಹೋಗುತ್ತಾರೆ, ಮೇಷ್ಟರಿಗೆ ವರ್ಗವಾಗುತ್ತದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮೂರು ಪ್ರತಿ ಇಡುವ ನಿಯಮ: ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಶಾಲೆಯ ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಊರಿನ ಗ್ರಂಥಾಲಯದಲ್ಲೋ ಮ್ಯೂಸಿಯಂನಲ್ಲೋ ಇನ್ನೊಂದು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಡಿ.

ತೆರೆದ ಮೇಲೆ

ಪ್ರದರ್ಶನ ಆನ್‌ಲೈನಿಗೆ ಬಂದ ದಿನ ಕೆಲಸ ಮುಗಿಯುವುದಿಲ್ಲ. ಊರು ಬಿಟ್ಟು ಮುಂಬೈಗೋ ದುಬೈಗೋ ಹೋದವರು ನೋಡುತ್ತಾರೆ. ‘ಎರಡನೇ ಸಾಲಿನಲ್ಲಿ ಮೂರನೆಯವರು ನಮ್ಮ ದೊಡ್ಡಪ್ಪ’ ಅಂತ ಯಾರೋ ಬರೆದು ಕಳಿಸಬಹುದು. ಆಗ ಮಕ್ಕಳು ಅಜ್ಜಿಯ ಹತ್ತಿರ ಮತ್ತೆ ಹೋಗಿ, ಇನ್ನೊಬ್ಬರನ್ನೂ ಕೇಳಿ, ಹೊಂದಿದರೆ ಲೇಬಲ್ ತಿದ್ದಬೇಕು. ಯಾವ ತಾರೀಕಿಗೆ, ಯಾರ ಮಾತಿನಿಂದ ತಿದ್ದಿದ್ದು ಅಂತಲೂ ಬರೆಯಬೇಕು.

ಆಮೇಲೆ ಟ್ರಂಕಿನಿಂದ ಆ ಫೋಟೋ ತೆಗೆದು, ಗಟ್ಟಿ ಮೇಜಿನ ಮೇಲೆ ಬೋರಲು ಇಟ್ಟು, ಹಿಂಬದಿಯಲ್ಲಿ ಮೆದು ಪೆನ್ಸಿಲ್ಲಿನಿಂದ ಹಗುರವಾಗಿ ಆ ಹೆಸರು ಸೇರಿಸಿ. ಬಾಲ್ ಪೆನ್ ಬೇಡ, ಒತ್ತಿದ ಗೆರೆ ಮುಂಬದಿಗೆ ಮೂಡುತ್ತದೆ.